ಸವೆದ ಬಿರಡೆ ಮತ್ತು ನಿಂತ ಮರ

(ಮಲೆನಾಡಿನ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಯಾದಗಿರಿ ಜಿಲ್ಲೆಯ ಹುಣಸಗಿ ಮಲೆನಾಡಿಗೆ ಬಹುದೂರದ ಊರು. ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ಬಯಲುಸೀಮೆ ಅದು. ಒಂದು ಕಡೆ ಎರೆಭೂಮಿ, ಇನ್ನೊಂದು ಕಡೆ ಕಲ್ಲುಗುಡ್ಡ, ನಾರಾಯಣಪುರ ಜಲಾಶಯದ ಕಾಲುವೆ ಹರಿದಲ್ಲೆಲ್ಲ ಭತ್ತದ ಗದ್ದೆ. ದಟ್ಟ ಕಾಡಿನ ಪರಿಚಯವಿಲ್ಲದ ಆ ಸೀಮೆಗೂ ಸಹ್ಯಾದ್ರಿಯ ಮರಕ್ಕೂ ಏನು ಸಂಬಂಧವೆಂದು ಕೇಳಬಹುದು. ಇಂದಿನ ಮಾತು ಹುಣಸಗಿ ಸೀಮೆಯ ಭಜನೆಯ ಮನೆಯಲ್ಲಿ ಆರಂಭವಾಗಿ, ಗಿಟಾರು ಎಂಬ ಪರದೇಶದ ವಾದ್ಯವನ್ನು ಹಾದು, ಮಲೆನಾಡಿನ ಬೀಟೆಮರದ ಬುಡಕ್ಕೆ ಬಂದು ನಿಲ್ಲುತ್ತದೆ. ಈ ಮೂರನ್ನೂ ಜೋಡಿಸುವ ವಸ್ತು ಬಹಳ ಸಣ್ಣದು. ತಂತಿಯನ್ನು ಬಿಗಿಯುವ ಬಿರಡೆಯೇ ಅದು.

ವಿದ್ವಾಂಸರ ಲೋಕದಲ್ಲಿ ಹುಣಸಗಿಯ ಹೆಸರು ಪ್ರಸಿದ್ಧವಾಗಿರುವುದು ಶಿಲಾಯುಗದ ಆಯುಧಗಳಿಗಾಗಿ. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ ಅವರು ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ದಶಕಗಳ ಕಾಲ ಸಂಶೋಧನೆ ನಡೆಸಿದರು. ಅಲ್ಲಿಯ ಇಸಾಂಪುರದ ನೆಲೆಯಲ್ಲಿ ಆದಿಮಾನವರು ಸುಣ್ಣಕಲ್ಲಿನ ಹಾಸನ್ನೇ ಒಡೆದು ಕೈಗೊಡಲಿಗಳನ್ನು ತಯಾರಿಸುತ್ತಿದ್ದರು. ಆ ನೆಲೆಯ ಕಾಲವನ್ನು ಸುಮಾರು ೧೨ ಲಕ್ಷ ವರ್ಷಗಳ ಹಿಂದಕ್ಕೆ ಎಣಿಸಲಾಗಿದೆ. ಅರೆಬರೆ ತಯಾರಾದ ಆಯುಧ, ಒಡೆದ ಗಡ್ಡೆ, ಚಕ್ಕೆಗಳೆಲ್ಲ ಅಲ್ಲಿ ಒಂದೇ ಕಡೆ ಉಳಿದುಬಂದಿವೆ. ಕಲ್ಲು ಕಾಲಡಿಯಲ್ಲೇ ಹೇರಳವಾಗಿ ಸಿಗುವಲ್ಲಿ ಹಳೆಯದನ್ನು ತಿದ್ದುವುದಕ್ಕಿಂತ ಹೊಸದನ್ನು ಒಡೆದುಕೊಳ್ಳುವುದು ಸುಲಭ. ಮರದ ವಿಷಯ ಹಾಗಲ್ಲ. ಮರವೊಂದು ಬಲಿಯಲು ಮನುಷ್ಯನ ಎರಡು ಮೂರು ತಲೆಮಾರು ಬೇಕು. ಕಲ್ಲನ್ನು ಬಳಸಿದ ಧಾರಾಳತನದಿಂದಲೇ ಮರವನ್ನೂ ಬಳಸಿದರೆ ಏನಾಗುತ್ತದೆ ಎಂಬುದು ಮಲೆನಾಡಿನವರಿಗೆ ಹೇಳಬೇಕಾದ ಸಂಗತಿಯಲ್ಲ.

ಈಗ ಭಜನೆಯ ಮನೆಗೆ ಬರೋಣ. ಕೊಡೇಕಲ್ ಬಸವಣ್ಣನವರ ಕೊಡೇಕಲ್ ಹುಣಸಗಿ ತಾಲ್ಲೂಕಿನಲ್ಲಿಯೇ ಇದೆ. ಮೌನೇಶ್ವರರ ತಿಂಥಣಿ ಸುರಪುರ ತಾಲ್ಲೂಕಿನ ಕೃಷ್ಣಾ ತೀರದಲ್ಲಿದೆ. ಕಡಕೋಳ ಮಡಿವಾಳಪ್ಪನವರ ತತ್ವಪದಗಳ ಪರಂಪರೆ ಈ ಇಡೀ ಸೀಮೆಯನ್ನು ವ್ಯಾಪಿಸಿದೆ. ತತ್ವಪದ ಹಾಡುವವರ ಸಂಗಾತಿ ಏಕತಾರಿ. ಒಣಗಿದ ಸೋರೆಬುರುಡೆ, ಅದಕ್ಕೆ ಸಿಕ್ಕಿಸಿದ ಕೋಲು, ಒಂದು ತಂತಿ, ಒಂದು ಬಿರಡೆ. ಅನುಕೂಲವಿದ್ದ ಮೇಳಗಳಲ್ಲಿ ನಾಲ್ಕು ತಂತಿಯ ತಂಬೂರಿ. ಹಾಡುಗಾರನ ಕಂಠ ಎಷ್ಟೇ ಗಟ್ಟಿಯಾಗಿದ್ದರೂ ಬಿರಡೆ ಜಾರಿತೆಂದರೆ ಶ್ರುತಿ ಇಳಿಯುತ್ತದೆ. ಶ್ರುತಿ ಇಳಿದರೆ ಇಡೀ ಮೇಳದ ದನಿಯೇ ಇಳಿಯುತ್ತದೆ.

೧೮೪೧ರಿಂದ ೧೮೫೩ರವರೆಗೆ ಸುರಪುರ ಸಂಸ್ಥಾನದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಈ ನಾಡಿನ ವಾದ್ಯಗಳಲ್ಲಿ ಆಸಕ್ತಿ ಉಳ್ಳವನಾಗಿದ್ದನು. ೧೮೬೦ರ ದಶಕದಲ್ಲಿ ಐರ್ಲೆಂಡಿನ ರಾಯಲ್ ಐರಿಷ್ ಅಕಾಡೆಮಿಗಾಗಿ ಭಾರತೀಯ ವಾದ್ಯಗಳ ವಿವರಣಾತ್ಮಕ ಪಟ್ಟಿಯೊಂದನ್ನು ಆತನು ಸಿದ್ಧಪಡಿಸಿದನು. ವಸ್ತುಸಂಗ್ರಹಾಲಯವನ್ನು ಸೇರಿದ ವಾದ್ಯದ ಆಕಾರ ಉಳಿಯುತ್ತದೆ. ಆದರೆ ನಾದ ಉಳಿಯಬೇಕಾದರೆ ವಾದ್ಯವು ಊರಿನಲ್ಲಿಯೇ ಇರಬೇಕು, ಅದರ ಬಿರಡೆ ತಿರುಗುತ್ತಿರಬೇಕು, ಕೆಟ್ಟಾಗ ಸರಿಮಾಡುವ ಕೈಯೊಂದು ಹತ್ತಿರದಲ್ಲಿರಬೇಕು.

ಬಿರಡೆ ಕೆಲಸ ಮಾಡುವ ಬಗೆಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮರದ ಬಿರಡೆ ಒಂದು ತುದಿಗೆ ದಪ್ಪ, ಇನ್ನೊಂದು ತುದಿಗೆ ಸಣ್ಣ. ಅದು ಕುಳಿತುಕೊಳ್ಳುವ ತೂತೂ ಅದೇ ಓರೆಯಲ್ಲಿರುತ್ತದೆ. ತಂತಿಯ ಎಳೆತಕ್ಕೆ ಎದುರಾಗಿ ಬಿರಡೆಯನ್ನು ಹಿಡಿದಿಡುವುದು ಮರಕ್ಕೂ ಮರಕ್ಕೂ ನಡುವಣ ಘರ್ಷಣೆ ಮಾತ್ರ. ಮರ ಒಣಗಿದಾಗ ಎಲ್ಲ ದಿಕ್ಕಿನಲ್ಲಿಯೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ನಾರಿನ ಉದ್ದಕ್ಕೆ ಕುಗ್ಗುವುದು ನಗಣ್ಯ. ತಿರುಳಿನಿಂದ ತೊಗಟೆಯತ್ತ ಸಾಗುವ ದಿಕ್ಕಿನಲ್ಲಿ ಸ್ವಲ್ಪ ಹೆಚ್ಚು. ವರ್ಷಬಳೆಗಳ ಗುಂಟ ಸಾಗುವ ದಿಕ್ಕಿನಲ್ಲಿ ಬಹುತೇಕ ಅದರ ಎರಡರಷ್ಟು. ಆದುದರಿಂದ ದುಂಡಗಿದ್ದ ಬಿರಡೆ ವರ್ಷಗಳು ಕಳೆದಂತೆ ತುಸು ಮೊಟ್ಟೆಯಾಕಾರ ತಾಳುತ್ತದೆ. ಹುಣಸಗಿಯ ಬೇಸಿಗೆಯಲ್ಲಿ ಅದು ಸಡಿಲಗೊಂಡು ಜಾರುತ್ತದೆ. ಅದೇ ಬಿರಡೆ ಆಗುಂಬೆಯ ಮಳೆಗಾಲದಲ್ಲಿ ಉಬ್ಬಿ, ತಿರುಗಿಸಲಾಗದಂತೆ ಕಚ್ಚಿಕೊಳ್ಳುತ್ತದೆ.

ಇದಕ್ಕೆ ಮದ್ದು ಸರಳವಾಗಿದೆ. ಬಿರಡೆಯನ್ನು ಹೊರತೆಗೆದು ಜಿಡ್ಡನ್ನು ಒರೆಸಿ, ಜಾರುವುದಾದರೆ ಸೀಮೆಸುಣ್ಣವನ್ನೂ ಕಚ್ಚಿಕೊಳ್ಳುವುದಾದರೆ ಒಣ ಸಾಬೂನನ್ನೂ ತಿಕ್ಕಿ, ಒಳಗೆ ಒತ್ತುತ್ತ ತಿರುಗಿಸಬೇಕು. ಬಿರಡೆ ತೀರ ಸವೆದಿದ್ದರೆ ಗಟ್ಟಿ ಮರದ ಹೊಸ ಬಿರಡೆಯೊಂದನ್ನು ಹಳೆಯ ತೂತಿಗೆ ಹೊಂದುವಂತೆ ಉಜ್ಜಿ ಕೂರಿಸಬೇಕು. ತೂತೇ ದೊಡ್ಡದಾಗಿದ್ದರೆ ಅದಕ್ಕೆ ಮರದ ತುಂಡನ್ನು ಬೆಣೆಯಂತೆ ತುಂಬಿ, ಹೊಸದಾಗಿ ಕೊರೆಯಬೇಕು. ಬುರುಡೆ, ದಂಡಿ, ಕುದುರೆ ಎಲ್ಲವೂ ಹಾಗೆಯೇ ಉಳಿಯುತ್ತವೆ. ಹುಣಸಗಿಯ ರೈತ ಕುಂಟೆಯ ಕುಡ ಸವೆದಾಗ ಕುಡವನ್ನು ಬದಲಿಸುತ್ತಾನೆಯೇ ಹೊರತು ಕುಂಟೆಯನ್ನು ಒಲೆಗೆ ಹಾಕುವುದಿಲ್ಲ. ಸವೆಯಬೇಕಾದುದು ಸವೆಯಲಿ, ಉಳಿಯಬೇಕಾದುದು ಉಳಿಯಲಿ ಎಂಬ ಈ ವಿವೇಕ ಒಕ್ಕಲುತನಕ್ಕೂ ವಾದ್ಯಕ್ಕೂ ಒಂದೇ.

ಉತ್ತರ ಕರ್ನಾಟಕದ ಗಾಯಕರಿಗೆ ತಂಬೂರಿ ಒದಗಿಸುವ ಊರೆಂದರೆ ಗಡಿಯಾಚೆಯ ಮಿರಜ. ಅಲ್ಲಿಯ ಸಿತಾರ್ ಮತ್ತು ತಂಬೂರಿಗಳಿಗೆ ೨೦೨೪ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ಆ ಕಸುಬಿನ ಮನೆತನಗಳ ಪೂರ್ವಿಕರು ಶಿಕಲಗಾರರು, ಅಂದರೆ ಆಯುಧಗಳಿಗೆ ಸಾಣೆ ಹಿಡಿಯುವವರು. ಹತ್ತೊಂಬತ್ತನೆಯ ಶತಮಾನದಲ್ಲಿ ಫರೀದ್ ಸಾಹೇಬ್ ಶಿಕಲಗಾರ ಎಂಬುವರು ಕೆಟ್ಟ ವಾದ್ಯವನ್ನು ಸರಿಮಾಡಲು ಹೋಗಿ ಈ ವಿದ್ಯೆಯನ್ನು ಕೈವಶ ಮಾಡಿಕೊಂಡರೆಂಬುದು ಅವರಲ್ಲಿ ಪರಂಪರೆಯಿಂದ ಬಂದ ಮಾತು. ಹೊಸ ವಾದ್ಯ ತಯಾರಿಸುವ ಕಸುಬು ದುರಸ್ತಿಯಿಂದ ಹುಟ್ಟಿತೆಂಬುದು ಇಲ್ಲಿ ನೆನಪಿಡಬೇಕಾದ ಅಂಶ. ಮಿರಜದ ತಂಬೂರಿಗೆ ಬೇಕಾದ ದೊಡ್ಡ ಸೋರೆಬುರುಡೆಗಳು ಪಂಢರಪುರದ ಸುತ್ತಿನ ಹೊಲಗಳಿಂದ ಬರುತ್ತವೆ. ಅಡುಗೆಗೆ ಬಾರದ ಆ ತಳಿಯ ಬೀಜವನ್ನು ರೈತರು ಕಾಪಾಡಿಕೊಂಡು ಬಂದಿರುವುದು ವಾದ್ಯಕ್ಕಾಗಿ. ವಾದ್ಯ ಮೌನವಾದರೆ ಆ ಬೀಜಕ್ಕೂ ಹೊಲದಲ್ಲಿ ಜಾಗ ಉಳಿಯುವುದಿಲ್ಲ.

ಇನ್ನು ಗಿಟಾರಿನ ವಿಷಯ. ಮಲೆನಾಡಿನ ಕಾಲೇಜುಗಳ ವಿದ್ಯಾರ್ಥಿಗಳ ಹೆಗಲ ಮೇಲೆ ಇಂದು ಕಾಣುವ ತಂತಿವಾದ್ಯ ಅದೇ. ಹಿಂದೆ ಯೂರೋಪಿನ ಗಿಟಾರುಗಳಿಗೂ ಮರದ ಬಿರಡೆಗಳೇ ಇದ್ದವು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅವುಗಳ ಸ್ಥಾನಕ್ಕೆ ಹಲ್ಲುಚಕ್ರದ ಯಂತ್ರ ಬರತೊಡಗಿತು. ಅದನ್ನು ಬಳಸಿ ಹೆಸರು ಮಾಡಿದವರಲ್ಲಿ ವಿಯೆನ್ನಾ ನಗರದ ಸ್ಟಾಫರ್ ಒಬ್ಬನು. ಶಾಸ್ತ್ರೀಯ ಗಿಟಾರಿನ ತಲೆಯ ಎರಡೂ ಪಕ್ಕದಲ್ಲಿ ಒಂದೊಂದು ಲೋಹದ ಪಟ್ಟಿ, ಒಂದೊಂದು ಪಟ್ಟಿಯಲ್ಲಿ ಮೂರು ಯಂತ್ರಗಳು. ವಾದಕರು ಇವನ್ನು ಕೀ ಎಂದು ಕರೆಯುತ್ತಾರೆ. ಗುಂಡಿಯನ್ನು ತಿರುಗಿಸಿದಾಗ ಸುರುಳಿ ತಿರುಪು ತಿರುಗಿ, ಅದು ಹಲ್ಲುಚಕ್ರವನ್ನು ಒಂದೊಂದೇ ಹಲ್ಲಿನಷ್ಟು ಮುಂದೆ ಸರಿಸುತ್ತದೆ. ಚಕ್ರಕ್ಕೆ ಹದಿನಾಲ್ಕು ಹಲ್ಲುಗಳಿದ್ದರೆ ತಂತಿ ಸುತ್ತುವ ಉರುಳೆ ಒಂದು ಸುತ್ತು ತಿರುಗಲು ಗುಂಡಿ ಹದಿನಾಲ್ಕು ಸುತ್ತು ತಿರುಗಬೇಕು. ತಿರುಪು ಚಕ್ರವನ್ನು ತಿರುಗಿಸಬಲ್ಲುದು. ಚಕ್ರ ತಿರುಪನ್ನು ತಿರುಗಿಸಲಾರದು. ಆರು ತಂತಿಗಳ ಒಟ್ಟು ಎಳೆತ ಸುಮಾರು ೪೦ ಕಿಲೋಗ್ರಾಮಿನಷ್ಟಿದ್ದರೂ ಶ್ರುತಿ ನಿಲ್ಲುವುದು ಈ ಕಾರಣದಿಂದ.

ಈ ಯಂತ್ರಕ್ಕೂ ಸವೆತ ತಪ್ಪಿದ್ದಲ್ಲ. ದಶಕಗಳ ಎಳೆತದಿಂದ ಹಿತ್ತಾಳೆಯ ಹಲ್ಲುಗಳು ತೆಳುವಾಗುತ್ತವೆ. ಗುಂಡಿಯನ್ನು ತಿರುಗಿಸಿದರೂ ಸ್ವಲ್ಪ ದೂರದವರೆಗೆ ತಂತಿ ಅಲುಗುವುದಿಲ್ಲ, ಬಳಿಕ ಒಮ್ಮೆಲೇ ಹಾರುತ್ತದೆ. ಮಲೆನಾಡಿನ ತೇವಕ್ಕೆ ಸ್ಕ್ರೂಗಳು ತುಕ್ಕು ಹಿಡಿಯುತ್ತವೆ. ಇಷ್ಟಾದರೆ ಸಾಕು, ಗಿಟಾರು ಹಾಳಾಯಿತೆಂದು ಅಟ್ಟಕ್ಕೆ ಏರಿಸುವವರೇ ಹೆಚ್ಚು. ಹೊಸ ಗಿಟಾರು ಕೊಳ್ಳಿರೆಂದು ಅಂಗಡಿಯವರು ಹೇಳುವುದೂ ಉಂಟು.

ಅಟ್ಟಕ್ಕೆ ಏರಿಸುವ ಮುನ್ನ ಮಾಡಬೇಕಾದ ಪರೀಕ್ಷೆಗಳಿವೆ. ದೋಷ ಯಂತ್ರದ್ದೇ ಎಂದು ಮೊದಲು ಖಚಿತವಾಗಬೇಕು. ತಂತಿಯ ಗಂಟು ಜಾರುತ್ತಿರಬಹುದು. ದಂಡಿಯ ಮೇಲ್ತುದಿಯ ಎಲುಬಿನ ಪಟ್ಟಿಯ ಗೀರಿನಲ್ಲಿ ತಂತಿ ಸಿಕ್ಕಿಕೊಳ್ಳುತ್ತಿರಬಹುದು. ಅಲ್ಲಿ ಪೆನ್ಸಿಲಿನ ಸೀಸದ ಪುಡಿಯನ್ನು ತಿಕ್ಕಿದರೆ ಸಾಕಾಗುತ್ತದೆ. ಹಲ್ಲುಗಳ ನಡುವಿನ ಧೂಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ಹೊಲಿಗೆಯಂತ್ರದ ಎಣ್ಣೆಯ ಒಂದು ಹನಿಯನ್ನು ಮರಕ್ಕೆ ತಾಗದಂತೆ ಬಿಟ್ಟು, ಸಡಿಲವಾದ ಸ್ಕ್ರೂಗಳನ್ನು ಬಿಗಿದು ನೋಡಬೇಕು. ಇಷ್ಟೆಲ್ಲ ಮಾಡಿದರೂ ಶ್ರುತಿ ನಿಲ್ಲದಿದ್ದರೆ ಮಾತ್ರ ಯಂತ್ರವನ್ನು ಬದಲಿಸುವ ಯೋಚನೆ.

ಬದಲಿಸುವಾಗ ಮುಖ್ಯವಾದುದು ಅಳತೆ. ಇಂದಿನ ಶಾಸ್ತ್ರೀಯ ಗಿಟಾರುಗಳಲ್ಲಿ ಒಂದು ಉರುಳೆಯ ನಡುವಿನಿಂದ ಪಕ್ಕದ ಉರುಳೆಯ ನಡುವಿಗೆ ೩೫ ಮಿಲಿಮೀಟರ್ ಅಂತರ, ಉರುಳೆಯ ದಪ್ಪ ಸಾಮಾನ್ಯವಾಗಿ ೧೦ ಮಿಲಿಮೀಟರ್. ಹಳೆಯ ಗಿಟಾರುಗಳಲ್ಲಿ ಈ ಅಳತೆಗಳು ಬೇರೆಯಾಗಿರಬಹುದು. ಆದುದರಿಂದ ಹೊಸದನ್ನು ತರಿಸುವ ಮೊದಲೇ ಹಳೆಯದನ್ನು ಬಿಚ್ಚಿ ಅಂತರ, ಉರುಳೆಯ ದಪ್ಪ ಹಾಗೂ ಉದ್ದ, ಪಟ್ಟಿಯ ಉದ್ದಗಲ ಎಲ್ಲವನ್ನೂ ಬರೆದಿಟ್ಟುಕೊಳ್ಳಬೇಕು. ತಂತಿಗಳನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ ತೆಗೆಯಬೇಕು. ಹೊಸ ಯಂತ್ರ ಕೈಯ ಒತ್ತಡಕ್ಕೇ ತೂತುಗಳಲ್ಲಿ ಇಳಿದು ಸರಾಗವಾಗಿ ತಿರುಗಬೇಕು. ಬಲವಂತದಿಂದ ತುರುಕಿದರೆ ಉರುಳೆ ಓರೆಯಾಗಿ, ಹೊಸ ಹಲ್ಲೂ ಬೇಗನೆ ಸವೆಯುತ್ತದೆ. ಸ್ಕ್ರೂವಿನ ತೂತು ಸಡಿಲವಾಗಿದ್ದರೆ ಮರದ ತೆಳು ಸೀಳನ್ನು ಅಂಟಿನೊಡನೆ ತುಂಬಿ, ಒಣಗಿದ ಮೇಲೆ ಸಣ್ಣ ತೂತು ಕೊರೆದು ಬಿಗಿಯಬೇಕು. ಸ್ಕ್ರೂವಿಗೆ ಸಾಬೂನು ಸವರಿದರೆ ಅದರ ತಲೆ ಮುರಿಯುವುದಿಲ್ಲ. ತೆಗೆದ ಹಳೆಯ ಯಂತ್ರವನ್ನು ಎಸೆಯಬಾರದು. ಮುಂದೆ ಇನ್ನೊಂದು ಗಿಟಾರಿಗೆ ಅದರ ಒಂದು ಚಕ್ರವೋ ಗುಂಡಿಯೋ ಬೇಕಾಗಬಹುದು.

ಇಲ್ಲಿ ಒಂದು ತತ್ವವಿದೆ. ಹೊಸ ಭಾಗ ಹಳೆಯ ಮರಕ್ಕೆ ಹೊಂದಬೇಕು. ಹೊಸ ಭಾಗ ಕೂರಲೆಂದು ಹಳೆಯ ಮರವನ್ನು ಕೊರೆಯುವುದು ಸಲ್ಲದು. ತಂಬೂರಿಗೂ ವೀಣೆಗೂ ಗಿಟಾರಿನ ಕೀಗಳನ್ನು ಜೋಡಿಸುವ ಪದ್ಧತಿ ಈಗ ಬಳಕೆಗೆ ಬಂದಿದೆ. ಹೊಸದಾಗಿ ತಯಾರಾಗುವ ವಾದ್ಯಗಳಲ್ಲಿ ಅದರಿಂದ ಅನುಕೂಲವಿದೆ. ವೃದ್ಧರ ಬೆರಳಿಗೂ ಕಲಿಯುವ ಮಕ್ಕಳಿಗೂ ಶ್ರುತಿ ಸೇರಿಸುವುದು ಸುಲಭವಾಗುತ್ತದೆ. ಆದರೆ ನೂರು ವರ್ಷದ ತಂಬೂರಿಯ ದಂಡಿಯನ್ನು ಅದಕ್ಕಾಗಿ ಅಗಲವಾಗಿ ಕೊರೆದರೆ ಮತ್ತೆ ಮೊದಲಿನಂತೆ ಮಾಡಲಾಗದು, ಲೋಹದ ಭಾರದಿಂದ ದಂಡಿಯ ಸಮತೋಲವೂ ಬದಲಾಗುತ್ತದೆ. ಇಂದು ಮಾಡಿದ ಕೆಲಸವನ್ನು ನಾಳೆ ಬರುವ ಕುಶಲಿಯು ಬಿಚ್ಚಿ ತಿದ್ದಲು ಸಾಧ್ಯವಿರಬೇಕು. ಹಾಗಿದ್ದರೆ ಅದು ದುರಸ್ತಿ, ಇಲ್ಲದಿದ್ದರೆ ಅದು ಇನ್ನೊಂದು ಬಗೆಯ ಹಾನಿ.

ಈಗ ಬೀಟೆಯ ಮಾತು. ಉತ್ತಮ ದರ್ಜೆಯ ಗಿಟಾರಿನ ಹಿಂಬದಿ ಮತ್ತು ಪಕ್ಕಗಳಿಗೆ ಹಿಂದೆ ಬ್ರೆಜಿಲ್ ದೇಶದ ರೋಸ್‌ವುಡ್ ಬಳಕೆಯಾಗುತ್ತಿತ್ತು. ಅಲ್ಲಿ ಮರ ವಿರಳವಾದಂತೆ ತಯಾರಕರ ಕಣ್ಣು ಭಾರತದತ್ತ ತಿರುಗಿತು. ಅಮೆರಿಕದ ಮಾರ್ಟಿನ್ ಕಂಪನಿ ೧೯೬೯ರಲ್ಲಿ ಭಾರತದ ರೋಸ್‌ವುಡ್ಡಿಗೆ ಬದಲಾಯಿತು. ಆ ಮರವೇ ಸಹ್ಯಾದ್ರಿಯ ಬೀಟೆ, ಸಸ್ಯಶಾಸ್ತ್ರದ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ಬ್ರೆಜಿಲಿನ ಮರ ೧೯೯೨ರಲ್ಲಿ ವನ್ಯಜೀವಿ ವ್ಯಾಪಾರ ಕುರಿತ ಸೈಟಿಸ್ ಒಪ್ಪಂದದ ಮೊದಲನೆಯ ಅನುಬಂಧಕ್ಕೆ ಸೇರಿತು. ಬೀಟೆಯೂ ಒಳಗೊಂಡಂತೆ ಡಾಲ್ಬರ್ಜಿಯಾ ಕುಲದ ಉಳಿದೆಲ್ಲ ಪ್ರಭೇದಗಳು ೨೦೧೭ರ ಜನವರಿಯಿಂದ ಎರಡನೆಯ ಅನುಬಂಧದ ನಿಯಂತ್ರಣಕ್ಕೆ ಒಳಪಟ್ಟವು. ಸಿದ್ಧಗೊಂಡ ವಾದ್ಯಗಳಿಗೆ ೨೦೧೯ರಲ್ಲಿ ವಿನಾಯಿತಿ ನೀಡಲಾಯಿತು. ಮರಕ್ಕೆ ನಿಯಂತ್ರಣ, ಮರದಿಂದಾದ ವಾದ್ಯಕ್ಕೆ ವಿನಾಯಿತಿ. ಈ ಎರಡರ ನಡುವೆ ಬಳಸುವವನ ಹೊಣೆಗಾರಿಕೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಗಿಟಾರಿನ ಹಿಂಬದಿ ಎರಡು ಹಲಗೆಗಳ ಜೋಡಣೆ. ಒಂದೊಂದು ಹಲಗೆಯೂ ಸುಮಾರು ೨೦ ಸೆಂಟಿಮೀಟರ್ ಅಗಲ ಬೇಕು. ಹಲಗೆ ಬಾಗದಿರಲೆಂದು ಅದನ್ನು ತಿರುಳಿನಿಂದ ತೊಗಟೆಯತ್ತ ಸೀಳುತ್ತಾರೆ. ಹಾಗೆ ಸೀಳಿದಾಗ ಕಾಂಡದ ಅರ್ಧ ಅಡ್ಡಳತೆ ಮಾತ್ರ ದೊರೆಯುವುದರಿಂದ ಕೆಂಗಪ್ಪು ಚೇಗೊಂದೇ ೪೦ ಸೆಂಟಿಮೀಟರಿಗಿಂತ ಅಗಲವಿರುವ ಮರ ಬೇಕಾಗುತ್ತದೆ. ಬೀಟೆ ನಿಧಾನವಾಗಿ ಬೆಳೆಯುವ ಮರ. ಅಷ್ಟು ಚೇಗು ತುಂಬುವ ವೇಳೆಗೆ ನೆಟ್ಟವನ ಮೊಮ್ಮಕ್ಕಳಿಗೂ ವಯಸ್ಸಾಗಿರುತ್ತದೆ. ಈ ಮರ ದ್ವಿದಳ ಧಾನ್ಯಗಳ ಬಳಗಕ್ಕೆ ಸೇರಿದ್ದು. ಬೇರಿನ ಗಂಟುಗಳ ಮೂಲಕ ಮಣ್ಣಿಗೆ ಸಾರಜನಕ ಸೇರಿಸುತ್ತದೆ, ಕಾಫಿ ತೋಟಕ್ಕೆ ನೆರಳು ನೀಡುತ್ತದೆ. ಬೇರಿನಿಂದಲೇ ಚಿಗುರೊಡೆದು ಹೊಸ ಸಸಿಗಳನ್ನು ಕೊಡುವ ಗುಣವೂ ಅದಕ್ಕಿದೆ. ಬೆಂಕಿ ಮತ್ತು ದನಗಳ ಬಾಯಿಂದ ಆ ಚಿಗುರನ್ನು ಕಾಯ್ದರೆ ಸಾಕು.

ಒಂದು ಪ್ರಶ್ನೆ ಏಳುವುದು ಸಹಜ. ಒಂದು ಗಿಟಾರಿನ ಕೀ ಬದಲಿಸಿದ ಮಾತ್ರಕ್ಕೆ ಕಾಡು ಉಳಿಯುತ್ತದೆಯೇ? ಪ್ರಾಮಾಣಿಕವಾದ ಉತ್ತರವೆಂದರೆ, ಇಲ್ಲ. ಜಗತ್ತಿನ ರೋಸ್‌ವುಡ್ಡನ್ನು ಬರಿದು ಮಾಡಿದ ದೊಡ್ಡ ಬಾಯಿ ಪೀಠೋಪಕರಣಗಳದು. ಅದರ ಮುಂದೆ ವಾದ್ಯಗಳ ಪಾಲು ಅಲ್ಪ. ಆದರೆ ಗಿಟಾರಿನ ವಿಷಯದಲ್ಲಿ ಕಾಣುವ ಮನೋಭಾವವೇ ಪೀಠೋಪಕರಣದ ವಿಷಯದಲ್ಲಿಯೂ ಕಾಣುತ್ತದೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಬೀಟೆಯ ಪೆಟ್ಟಿಗೆ, ಹಲಸಿನ ಬಾಗಿಲು, ತೊಟ್ಟಿಲು, ಮಂಚಗಳಿವೆ. ಬಾಗಿಲಿನ ಕೀಲು ಸಡಿಲವಾಯಿತು, ಪೆಟ್ಟಿಗೆಯ ಚಿಲಕ ಮುರಿಯಿತು, ಮಂಚದ ಕೂಡುಗಳು ಅಲುಗಾಡಿದವು ಎಂಬಷ್ಟಕ್ಕೇ ಅವು ಹಳೆಯ ಸಾಮಾನಿನ ವ್ಯಾಪಾರಿಯ ಲಾರಿ ಏರುತ್ತವೆ. ಅವುಗಳ ಜಾಗಕ್ಕೆ ಬರುವ ಹೊಸ ಬಾಗಿಲಿಗಾಗಿ ಎಲ್ಲಿಯೋ ಒಂದು ಮರ ಉರುಳುತ್ತದೆ. ಕೆಟ್ಟಿದ್ದು ಒಂದು ಹಿಡಿ ಲೋಹ. ಹೋದದ್ದು ನೂರು ವರ್ಷದ ಮರ, ಅದರ ಜೊತೆಗೆ ಇನ್ನೊಂದು ಮರ.

ಇದಕ್ಕೆ ಜೊತೆಯಾಗಿ ಮತ್ತೊಂದು ನಷ್ಟವೂ ಇದೆ. ದುರಸ್ತಿ ಕೇಳುವವರಿಲ್ಲದ ಊರಿನಲ್ಲಿ ದುರಸ್ತಿ ಬಲ್ಲವರೂ ಉಳಿಯುವುದಿಲ್ಲ. ಊರ ಬಡಗಿಯ ಮಗ ಪಟ್ಟಣದಲ್ಲಿ ಪ್ಲೈವುಡ್ ಕತ್ತರಿಸುವ ಕೆಲಸಕ್ಕೆ ಸೇರುತ್ತಾನೆ. ಆಮೇಲೆ ಯಾರಾದರೂ ಹಳೆಯದನ್ನು ಉಳಿಸಿಕೊಳ್ಳಬೇಕೆಂದು ಬಯಸಿದರೂ ಕೈ ಇರುವುದಿಲ್ಲ. ಅರಣ್ಯವನ್ನು ಕಾಯಲು ಕಾನೂನು ಬೇಕು, ಕಾವಲುಗಾರ ಬೇಕು. ಅಷ್ಟೇ ಅಗತ್ಯವಾಗಿ ಊರಿಗೊಬ್ಬ ಬಡಗಿ, ಒಬ್ಬ ಕಮ್ಮಾರ ಬೇಕು. ಅವರ ಕೈಗೆ ವರ್ಷವಿಡೀ ಕೆಲಸವೂ ತಕ್ಕ ಕೂಲಿಯೂ ದೊರೆಯಬೇಕು. ದುರಸ್ತಿಗೆ ಹಣ ಕೊಡಲು ಹಿಂಜರಿದು ಹೊಸದಕ್ಕೆ ಹತ್ತು ಪಟ್ಟು ತೆರುವ ಅಭ್ಯಾಸ ಮೊದಲು ಹೋಗಬೇಕು.

ಆದುದರಿಂದ ಈ ಸಭೆಯಿಂದ ಮನೆಗೆ ಮರಳಿದ ಬಳಿಕ ವಿದ್ಯಾರ್ಥಿಗಳು ಒಂದು ಕೆಲಸ ಮಾಡಬಹುದು. ಅಟ್ಟದ ಮೇಲೆ, ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿರುವ ಮರದ ವಸ್ತುಗಳನ್ನು ಕೆಳಗಿಳಿಸಿ ಒರೆಸಿ ನೋಡಲಿ. ಅವುಗಳಲ್ಲಿ ನಿಜವಾಗಿ ಕೆಟ್ಟಿರುವುದು ಯಾವ ಭಾಗ, ಅದರ ಅಳತೆ ಎಷ್ಟು, ಅದನ್ನು ಮಾಡಿಕೊಡಬಲ್ಲವರು ಊರಿನಲ್ಲಿ ಯಾರಿದ್ದಾರೆ ಎಂಬುದನ್ನು ಪಟ್ಟಿ ಮಾಡಲಿ. ಹಿರಿಯರು ಆ ಮರ ಯಾವುದು, ಯಾವ ಬೆಟ್ಟದಿಂದ ಬಂದದ್ದು, ಯಾರ ಕಾಲದಲ್ಲಿ ಕಡಿದದ್ದು ಎಂಬುದನ್ನು ನೆನಪಿರುವಷ್ಟು ಹೇಳಲಿ. ಊರಿನ ಮರದ ಲೆಕ್ಕ ಕಾಡಿನಲ್ಲಿ ನಿಂತಿರುವುದಷ್ಟೇ ಅಲ್ಲ, ಮನೆಯೊಳಗಿರುವುದೂ ಆ ಲೆಕ್ಕಕ್ಕೆ ಸೇರಿದೆ.

ಹುಣಸಗಿ ಸೀಮೆಯ ಭಜನೆಯವನು ಹಾಡು ಆರಂಭಿಸುವ ಮುನ್ನ ಏಕತಾರಿಯನ್ನು ಕಿವಿಯ ಹತ್ತಿರ ಹಿಡಿದು ಬಿರಡೆಯನ್ನು ಒಂದಿಷ್ಟೇ ತಿರುಗಿಸಿ ನೋಡುತ್ತಾನೆ. ತಂತಿ ಸಡಿಲವಾಗಿದ್ದರೆ ಬಿಗಿಯುತ್ತಾನೆ, ಬಿರಡೆ ಜಾರಿದರೆ ಸುಣ್ಣ ಹಚ್ಚುತ್ತಾನೆ. ಆ ಕ್ಷಣದ ತಾಳ್ಮೆಯಿಂದ ಬುರುಡೆಯೂ ಕೋಲೂ ಇನ್ನೊಂದು ತಲೆಮಾರು ಹಾಡುತ್ತವೆ. ಬೀಟೆಯ ಬೆಟ್ಟದ ತಪ್ಪಲಿನಲ್ಲಿ ಇರುವವರಿಗೆ ಅಷ್ಟು ತಾಳ್ಮೆ ಅಸಾಧ್ಯವೇನಲ್ಲ.